ಕೋರ್ಟಿನ ಹೊರಗೆ ಸಾಕ್ಷಿ ಬೇಡವೇ?

ಧಾರವಾಡ ಸೀಮೆಯ ಒಂದು ಹಳ್ಳಿಯಿಂದ ನಮ್ಮ ಕಚೇರಿಗೆ ಬರುವ ಒಬ್ಬ ವೃದ್ಧ ಪಕ್ಷಗಾರರಿದ್ದಾರೆ. ಒಕ್ಕಲುತನವೇ ಅವರ ಜೀವನ. ನೆರೆಹೊಲದವನು ಬಾಂದಕಲ್ಲನ್ನು ಸರಿಸಿ ಎರಡು ಗುಂಟೆ ನೆಲವನ್ನು ಒತ್ತಿಕೊಂಡನೆಂದು ಅವರು ಹನ್ನೊಂದು ವರುಷ ದಾವೆ ನಡೆಸಿದರು. ಅವರು ಅಕ್ಷರ ಬಲ್ಲವರಲ್ಲ. ಆದರೂ ಅವರಷ್ಟು ಎಚ್ಚರಿಕೆಯುಳ್ಳ ಪಕ್ಷಗಾರರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಅಜ್ಜನ ಕಾಲದ ಖರೀದಿಪತ್ರ, ಉತಾರ, ಮೋಜಣಿಯ ನಕಾಶೆ, ಇವೆಲ್ಲವನ್ನು ಅರಿವೆಯಲ್ಲಿ ಕಟ್ಟಿಕೊಂಡು ಪ್ರತಿ ತಾರೀಖಿಗೂ ತಪ್ಪದೆ ಬರುತ್ತಿದ್ದರು. ಎದುರುಪಕ್ಷದ ಸಾಕ್ಷಿದಾರನೊಬ್ಬನು ಕಟಕಟೆಯಲ್ಲಿ ನಿಂತು 'ಕಲ್ಲು ಮೊದಲಿಂದಲೂ ಅಲ್ಲೇ ಇತ್ತೆಂದು ನಮ್ಮಪ್ಪ ಹೇಳಿದ್ದ' ಎಂದೊಡನೆ, ಅವರು ಹಿಂದಿನಿಂದ ನಮ್ಮ ಕಿವಿಯಲ್ಲಿ, 'ಅಂವಾ ತನ್ನ ಕಣ್ಣೀಲೆ ನೋಡ್ಯಾನೇನು ಕೇಳ್ರಿ, ಸಾಹೇಬ್ರ' ಎಂದು ಪಿಸುಗುಟ್ಟಿದರು. ಸಾಕ್ಷ್ಯಶಾಸ್ತ್ರದ ಸಾರವನ್ನೆಲ್ಲ ಆ ಒಕ್ಕಲಿಗರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಅದೇ ದಾವೆ ನಡೆದಿರುವಾಗ ಅವರ ಮಗನಿಗೆ ಮೂರ್ಛೆರೋಗ ಕಾಣಿಸಿಕೊಂಡಿತು. ಎಲ್ಲಿಂದಲೋ ಬಂದ ಒಬ್ಬನು ಮನೆಯ ಮೂಲೆಯಲ್ಲಿ ದೋಷವಿದೆಯೆಂದು ಹೇಳಿ, ಒಂದು ಜೋಡಿ ಎತ್ತಿನ ಬೆಲೆಯಷ್ಟು ಹಣವನ್ನು ಕಂತುಕಂತಾಗಿ ಒಯ್ದನು. ಹುಡುಗನ ಹಣೆಗೂ ಕಾಲಿಗೂ ಬರೆ ಎಳೆಸಿದನು. ಹೀಗೆ ಎರಡು ವರುಷ ಕಳೆದವು. ಒಂದು ದಿನ ಹುಡುಗನು ಒಲೆಯ ಮುಂದೆ ಕುಳಿತಿದ್ದಾಗ ಮೂರ್ಛೆ ಬಂದು ಕೆಂಡದ ಮೇಲೆ ಕೈ ಊರಿ ಬಿದ್ದನು. ಆಸ್ಪತ್ರೆ ಸೇರಿದ್ದು ಆಗ. ಈಗ ಅವನು ದಿನವೂ ಗುಳಿಗೆ ತೆಗೆದುಕೊಳ್ಳುತ್ತಾನೆ. ಬಹುದಿನಗಳಿಂದ ಮೂರ್ಛೆ ಬಂದಿಲ್ಲ. ಆದರೆ ಎಡಗೈಯ ಬೆರಳುಗಳು ಮಡಚಿದವು ಮಡಚಿದಂತೆಯೇ ಉಳಿದಿವೆ. 'ಯಜಮಾನರೇ, ಆ ಮನುಷ್ಯನಿಂದ ಹಿಂದೆ ಯಾರಿಗಾದರೂ ಗುಣವಾಗಿತ್ತೇ, ನೀವು ವಿಚಾರಿಸಿದಿರಾ?' ಎಂದು ನಾವು ಕೇಳಿದೆವು. ಅವರು ನೆಲ ನೋಡುತ್ತ, 'ದೇವರ ಕೆಲಸದಾಗ ಸಾಕ್ಷಿ ಕೇಳೂದು ಹ್ಯಾಂಗ್ರಿ, ಸಾಹೇಬ್ರ?' ಎಂದರು.

ಈ ಮಾತನ್ನು ಕೇಳಿ ನಗುವದು ಸುಲಭ. ಆದರೆ ನಗುವ ಅಧಿಕಾರ ನಮ್ಮಲ್ಲಿ ಯಾರಿಗಿದೆ? ಎರಡು ಗುಂಟೆ ನೆಲಕ್ಕೆ ಕಣ್ಣಾರೆ ಕಂಡ ಸಾಕ್ಷಿ ಬೇಕು. ಮಗನ ಜೀವಕ್ಕೆ ಬೇಡ. ಇದು ಆ ವೃದ್ಧರೊಬ್ಬರ ನಡತೆಯಲ್ಲ, ನಮ್ಮೆಲ್ಲರ ನಡತೆ. ಒಂದು ಕೊಡ ಕೊಳ್ಳುವಾಗ ನಾಲ್ಕು ಸಲ ಬಡಿದು ನೋಡುವ ನಾವು, ಒಂದು ಮಾತನ್ನು ಕೊಳ್ಳುವಾಗ ಒಮ್ಮೆಯೂ ಬಡಿದು ನೋಡುವದಿಲ್ಲ. ಓದಿದವರು ಬೇರೆ, ಓದದವರು ಬೇರೆ ಎಂಬ ಭೇದವೂ ಇಲ್ಲಿಲ್ಲ. ಪದವೀಧರನು ಮಾಂತ್ರಿಕನ ಬದಲು ಮತ್ತೊಬ್ಬನಿಗೆ ಮೋಸಹೋಗುತ್ತಾನೆ, ಅಷ್ಟೇ. ಕೋರ್ಟಿನ ಒಳಗೆ ನಾವು ಯಾವ ವಿವೇಕವನ್ನು ಕಾಯದೆಯ ಬಲದಿಂದ ಪಾಲಿಸುತ್ತೇವೆಯೋ, ಅದನ್ನು ಕೋರ್ಟಿನ ಹೊರಗೆ ಸ್ವಂತ ಬುದ್ಧಿಯ ಬಲದಿಂದ ಪಾಲಿಸಬೇಕು ಎಂಬದೇ ಈ ಲೇಖನದ ತಾತ್ಪರ್ಯ.

ಆ ವಿವೇಕವಾದರೂ ಯಾವುದು? ಭಾರತದ ಸಾಕ್ಷ್ಯದ ಕಾಯದೆಯು 1872ರಲ್ಲಿ ಆಯಿತು. ಅದರ ಸ್ಥಾನದಲ್ಲಿ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಕಾಯದೆ ಬದಲಾಯಿತು, ಕಲಮುಗಳ ಅಂಕಿ ಬದಲಾದವು; ಮೂಲತತ್ತ್ವಗಳು ಬದಲಾಗಲಿಲ್ಲ. ಯಾವನು ಒಂದು ಸಂಗತಿ ಉಂಟೆನ್ನುತ್ತಾನೋ ಅದನ್ನು ಸಿದ್ಧಪಡಿಸುವ ಹೊರೆ ಅವನ ಮೇಲೆಯೇ ಇರುವದು, ಇಲ್ಲವೆನ್ನುವವನ ಮೇಲಲ್ಲ. ಕಂಡೆನೆನ್ನುವವನು ತಾನೇ ಕಂಡಿರಬೇಕು. ಕಂಡವರಿಂದ ಕೇಳಿದವನ ಮಾತು ಸಾಮಾನ್ಯವಾಗಿ ಸಾಕ್ಷ್ಯವಾಗಲಾರದು. ಹೇಳಿದವನು ಎದುರುಪಕ್ಷದ ಪಾಟೀಸವಾಲಿಗೆ ಮೈಯೊಡ್ಡಬೇಕು. ಇವುಗಳ ಮೇಲೆ ಅಪೀಲೆಂಬುದೊಂದಿದೆ. ತೀರ್ಪು ತಪ್ಪಾಗಿದ್ದರೆ ಅದನ್ನು ತಿದ್ದಲು ದಾರಿ ಇರಬೇಕು. ಇಷ್ಟಾದರೂ ಕಾಯದೆಯು ಬ್ರಹ್ಮಜ್ಞಾನದಂಥ ನಿಶ್ಚಯವನ್ನು ಕೇಳುವದಿಲ್ಲ. ಒಬ್ಬ ವಿವೇಕಿಯು ಆ ಸಂದರ್ಭದಲ್ಲಿ ಯಾವುದನ್ನು ನಂಬಿ ನಡೆಯಬಹುದೋ ಅಷ್ಟು ಸಂಭವನೀಯತೆ ಕಂಡರೆ ಸಾಕು, ಸಂಗತಿ ಸಿದ್ಧವಾಯಿತೆಂದು ಅದು ಒಪ್ಪುತ್ತದೆ. ವಿವೇಕಿಯಾದ ಸಾಮಾನ್ಯ ಮನುಷ್ಯ: ಅವನೇ ಅಳತೆಗೋಲು. ಪಂಡಿತನೂ ಅಲ್ಲ, ಪರದೇಶದ ಶಾಸ್ತ್ರಜ್ಞನೂ ಅಲ್ಲ.

ಪ್ರಮಾಣ ಕೇಳುವದು ಪಶ್ಚಿಮದವರು ಕಲಿಸಿದ ದುರಭ್ಯಾಸವೆಂದು ಕೆಲವರು ಆಕ್ಷೇಪಿಸುವರು. ಅವರು ತಮ್ಮ ಮನೆಯ ಉಗ್ರಾಣವನ್ನೇ ತೆರೆದು ನೋಡಿಲ್ಲ. ಗೌತಮನ ನ್ಯಾಯಶಾಸ್ತ್ರವು ಹದಿನಾರು ಪದಾರ್ಥಗಳನ್ನು ಹೇಳುವಲ್ಲಿ ಮೊದಲನೆಯದಾಗಿ ಹೇಳುವದು ಪ್ರಮಾಣವನ್ನು. ಮೂರನೆಯದಾಗಿ ಹೇಳುವದು ಸಂಶಯವನ್ನು. ಸಂಶಯವನ್ನು ಪಾಪವೆಂದಲ್ಲ, ಜ್ಞಾನದ ಮೆಟ್ಟಿಲೆಂದು ಎಣಿಸಿದ ನಾಡು ಇದು. ಸಿದ್ಧಾಂತವನ್ನು ಹೇಳುವ ಮುನ್ನ ಎದುರಾಳಿಯ ಪೂರ್ವಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕೆಂಬ ಶಿಸ್ತು ನಮ್ಮ ಭಾಷ್ಯಕಾರರದು. ಬೆಂಕಿ ತಣ್ಣಗಿದೆಯೆಂದು ಶ್ರುತಿಯೇ ನೂರು ಸಲ ಸಾರಿದರೂ ಪ್ರತ್ಯಕ್ಷಕ್ಕೆ ವಿರೋಧವಾದ ಆ ಮಾತು ಪ್ರಮಾಣವಾಗದೆಂಬ ಅರ್ಥದ ವಾದವನ್ನು ಶಂಕರಾಚಾರ್ಯರೇ ತಮ್ಮ ಗೀತಾಭಾಷ್ಯದಲ್ಲಿ ಮಾಡಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕೇಳಿದ ಪ್ರಶ್ನೆಗಳನ್ನಂತೂ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಹೀಗಿರಲು ಪ್ರಶ್ನೆ ಕೇಳುವವನನ್ನು ಪರಕೀಯನೆನ್ನುವವನೇ ಸ್ವಕೀಯವನ್ನು ಮರೆತವನು.

ಇನ್ನು ಈ ತತ್ತ್ವಗಳನ್ನು ಕೋರ್ಟಿನ ಹೊಸ್ತಿಲು ದಾಟಿಸಿ ನೋಡೋಣ. ಮೊದಲು ದಿನದಿನದ ಸಾರ್ವಜನಿಕ ಜೀವನವನ್ನು ತೆಗೆದುಕೊಳ್ಳೋಣ. ಏಕೆಂದರೆ ಧರ್ಮ-ವಿಜ್ಞಾನಗಳ ಚರ್ಚೆಗೆ ಹೋಗದವನೂ ಬೀದಿಯಲ್ಲಿ ನಡೆಯಲೇಬೇಕು.

2018ರ ಜುಲೈ 13ರಂದು ಹೈದರಾಬಾದಿನಿಂದ ನಾಲ್ವರು ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಬಂದಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಅವರಿಗೆ ಮಿಠಾಯಿ ಕೊಟ್ಟರು. ಆಗ ದೇಶದ ಹಲವು ಕಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಹಳ್ಳಿಗರು ಸಂಶಯಪಟ್ಟು ತಡೆದರು. ಅವರು ಹೆದರಿ ಕಾರು ಓಡಿಸಿದರು. ಅವರಿಗಿಂತ ವೇಗವಾಗಿ ವಾಟ್ಸಾಪಿನ ಸುದ್ದಿ ಓಡಿತು. ಮುರ್ಕಿ ಗ್ರಾಮದಲ್ಲಿ ದಾರಿಗೆ ಅಡ್ಡಗಟ್ಟಿದ್ದರು, ಕಾರು ಉರುಳಿತು, ಗುಂಪು ಅವರ ಮೇಲೆ ಬಿದ್ದಿತು. ಬಿಡಿಸಲು ಬಂದ ಪೋಲೀಸರಿಗೂ ಗಾಯಗಳಾದವು. ನಾಲ್ವರಲ್ಲಿ ಒಬ್ಬ ತರುಣ ಇಂಜಿನಿಯರನು ಸತ್ತನು. ಅದೇ ವರುಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಮತ್ತೊಬ್ಬನು ಇಂಥದೇ ಗಾಳಿಸುದ್ದಿಗೆ ಬಲಿಯಾಗಿದ್ದನು.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಮುರ್ಕಿಯಲ್ಲಿ ಕಲ್ಲೆತ್ತಿದವರಲ್ಲಿ ಎಷ್ಟು ಜನರು ಕದ್ದ ಮಗುವನ್ನು ಕಂಡಿದ್ದರು? ಯಾರೂ ಕಂಡಿರಲಿಲ್ಲ, ಕದ್ದ ಮಗುವೇ ಇರಲಿಲ್ಲ. ಯಾವ ಮನೆಯವರು ಮಗು ಕಾಣೆಯಾಗಿದೆಯೆಂದು ಫಿರ್ಯಾದಿ ಕೊಟ್ಟಿದ್ದರು? ಯಾರೂ ಇಲ್ಲ. 'ಕಳ್ಳರಂತೆ' ಎಂಬಲ್ಲಿಯ 'ಅಂತೆ'ಯು ಊರಿಂದೂರಿಗೆ ಹೋಗುವಷ್ಟರಲ್ಲಿ ಕಳಚಿಬಿದ್ದು 'ಕಳ್ಳರು' ಎಂಬುದೊಂದೇ ಉಳಿಯಿತು. ಕನ್ನಡ ಭಾಷೆಯು 'ಅಂತೆ' ಎಂಬ ಎರಡಕ್ಷರವನ್ನು ನಮಗೆ ಸುಮ್ಮನೆ ಕೊಟ್ಟಿಲ್ಲ. ಇದನ್ನು ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯ ಗುರುತು ಅದು. ಕಾಯದೆಯು ಕೇಳಿಕೆಯ ಮಾತನ್ನು ಏಕೆ ದೂರವಿಡುವದೆಂಬದು ಪುಸ್ತಕದಲ್ಲಿ ಓದಿದರೆ ಒಣತರ್ಕವೆನಿಸಬಹುದು. ಮುರ್ಕಿಯ ದಾರಿಯಲ್ಲಿ ಓದಿದರೆ ಅದರ ಬೆಲೆ ತಿಳಿಯುತ್ತದೆ. ಬಂದ ಸುದ್ದಿಯನ್ನು ಬೆರಳ ತುದಿಯಿಂದ ಮುಂದೆ ದೂಡಿದ ಪ್ರತಿಯೊಬ್ಬನೂ ಕಾಣದುದಕ್ಕೆ ಸಾಕ್ಷಿ ಹೇಳಿದವನೇ ಸರಿ. ನಾವೂ ಒಮ್ಮೆ ಹೀಗೆ ಒಂದು ಸುಳ್ಳು ಸುದ್ದಿಯನ್ನು ಆಪ್ತರಿಗೆ ಕಳಿಸಿ, ಮರುದಿನ ನಿಜ ತಿಳಿದು ತಲೆ ತಗ್ಗಿಸಿದ್ದೇವೆ. ಇಪ್ಪತ್ತು ವರುಷ ಪಾಟೀಸವಾಲು ಮಾಡಿದ ಬುದ್ಧಿಯು ಅಂದು ಕರೀಕೋಟಿನ ಜೊತೆಗೆ ಗೂಟಕ್ಕೆ ತೂಗುಬಿದ್ದಿತ್ತು!

ಇನ್ನು ಧರ್ಮದ ವಿಷಯ. ಇಲ್ಲಿ ಮಾತನಾಡುವಾಗ ಎಚ್ಚರಿಕೆಯೂ ವಿನಯವೂ ಬೇಕು. ಆದರೆ ಎಚ್ಚರಿಕೆಯ ಹೆಸರಿನಲ್ಲಿ ಮೌನ ಸಲ್ಲದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಶೋಧಿಸಲು ಒಂದು ಸಮಿತಿಯನ್ನು ನೇಮಿಸಿದರು. ಅವರು ಯಾರು? ಗೌರಿಬಿದನೂರು ತಾಲೂಕಿನ ಹೊಸೂರಿನ ಬಡಮನೆಯಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ಸೆರೆಮನೆ ಕಂಡು, ಖಾದಿಯನ್ನೇ ಉಟ್ಟು, ಬ್ರಹ್ಮಚಾರಿಯಾಗಿ ವಿದ್ಯಾರ್ಥಿಗಳ ನಡುವೆಯೇ ಬಾಳಿದ ಭೌತಶಾಸ್ತ್ರದ ಅಧ್ಯಾಪಕರು. ದೇಶವನ್ನಾಗಲಿ ಜನರನ್ನಾಗಲಿ ತುಚ್ಛವಾಗಿ ಕಂಡವರಲ್ಲ. ಶೂನ್ಯದಿಂದ ವಸ್ತುಗಳನ್ನು ತರುವರೆಂದು ಪ್ರಖ್ಯಾತರಾಗಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಸಮಿತಿಯ ಪರವಾಗಿ ಅವರು ಮೂರು ಪತ್ರಗಳನ್ನು ಬರೆದು, ಪರೀಕ್ಷೆಯ ನಿಬಂಧನೆಗಳಿಗೆ ಒಳಪಟ್ಟು ತೋರಿಸಬೇಕೆಂದು ವಿನಂತಿಸಿದರು. ಪರೀಕ್ಷೆ ನಡೆಯಲೇ ಇಲ್ಲ. ಪತ್ರ ಬರೆದವರ ಮೇಲೆಯೇ ಟೀಕೆಗಳ ಮಳೆಯಾಯಿತು. ಸಮಿತಿಯೂ ಬಹುಕಾಲ ಬಾಳಲಿಲ್ಲ.

ಇಲ್ಲಿ ನ್ಯಾಯದ ಪ್ರಶ್ನೆಯೆಂದರೆ, ಹೊರೆ ಯಾರ ಮೇಲಿತ್ತು ಎಂಬುದು. ಪವಾಡ ಉಂಟೆಂದವರ ಮೇಲೋ, ತೋರಿಸಿರೆಂದವರ ಮೇಲೋ? ನರಸಿಂಹಯ್ಯನವರು ಪವಾಡ ಸುಳ್ಳೆಂದು ತೀರ್ಪು ಕೊಡಲು ಹೊರಟಿರಲಿಲ್ಲ. ಸಾಕ್ಷ್ಯ ನೋಡಲು ಹೊರಟಿದ್ದರು. ನಮ್ಮ ಸಾರ್ವಜನಿಕ ಜೀವನದ ದೊಡ್ಡ ರೋಗವೇ ಇದು: ಸಾಕ್ಷಿ ಕೇಳುವದನ್ನು ನಾವು ಆರೋಪವೆಂದು ತಿಳಿಯುತ್ತೇವೆ. ಅದೇ 1976ರಲ್ಲಿ ಆದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ, ಸುಧಾರಣೆಗಳನ್ನು ಬೆಳೆಸುವದು ಪ್ರತಿಯೊಬ್ಬ ಪೌರನ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿಸಿತು. ಒಂದು ಕೈಯಿಂದ ಕರ್ತವ್ಯವೆಂದು ಬರೆದು, ಅದನ್ನು ಪಾಲಿಸಿದವನನ್ನು ಇನ್ನೊಂದು ಕೈಯಿಂದ ಹೊಡೆಯುವದು ಯಾವ ನೀತಿ?

ಸತ್ಯವು ಬಯಲಾದರೆ ಭಕ್ತಿಯು ಅಳಿದೀತೆಂದು ಅನೇಕ ಸಜ್ಜನರು ಪ್ರಾಮಾಣಿಕವಾಗಿಯೇ ಅಂಜುತ್ತಾರೆ. ಆ ಅಂಜಿಕೆಗೆ ಉತ್ತರವು ಶಬರಿಮಲೆಯಲ್ಲಿದೆ. ಮಕರ ಸಂಕ್ರಮಣದ ಸಂಜೆ ಪೊನ್ನಂಬಲಮೇಡಿನಲ್ಲಿ ಕಾಣುವ ಜ್ಯೋತಿಯು ತಾನಾಗಿ ಹೊತ್ತುವ ದಿವ್ಯಜ್ಯೋತಿಯೆಂದು ಲಕ್ಷಾಂತರ ಜನರು ನಂಬಿದ್ದರು. 2011ರ ಜನವರಿ 14ರಂದು ಅದನ್ನು ಕಂಡು ಹಿಂದಿರುಗುತ್ತಿದ್ದ ಯಾತ್ರಿಕರು ಪುಲ್ಲುಮೇಡಿನ ನೂಕುನುಗ್ಗಲಿನಲ್ಲಿ ಸಿಕ್ಕಿ ನೂರಕ್ಕೂ ಹೆಚ್ಚು ಜನರು ಸತ್ತರು. ಕರ್ನಾಟಕದಿಂದ ಹೋದವರೂ ಅವರಲ್ಲಿದ್ದರು. ಈ ಜ್ಯೋತಿ ಮನುಷ್ಯರು ಹಚ್ಚುವದೋ ಅಲ್ಲವೋ ಎಂದು ಕೇರಳದ ಉಚ್ಚ ನ್ಯಾಯಾಲಯವು ಕೇಳಿತು. ಮನುಷ್ಯರೇ ಹಚ್ಚುವ ದೀಪಾರಾಧನೆಯೆಂದು ದೇವಸ್ವಂ ಮಂಡಳಿಯು ಅದೇ ವರುಷ ಒಪ್ಪಿಕೊಂಡಿತು. ಆಮೇಲೇನಾಯಿತು? ಅಯ್ಯಪ್ಪನ ವ್ರತ ಹಿಡಿಯುವವರು ಇಲ್ಲವಾದರೇ? ಇಂದಿಗೂ ನಮ್ಮ ಊರೂರುಗಳಿಂದ ಇರುಮುಡಿ ಹೊತ್ತು ಜನರು ಹೋಗುತ್ತಿದ್ದಾರೆ. ಹಚ್ಚಿದ ದೀಪಕ್ಕೆ ಕೈಮುಗಿಯುವದರಲ್ಲಿ ಯಾವ ಕೊರತೆಯೂ ಇಲ್ಲ. ನಮ್ಮ ಮನೆಯ ದೇವರ ಮುಂದಿನ ನಂದಾದೀಪವನ್ನು ಹಚ್ಚುವವರು ನಾವೇ ಅಲ್ಲವೇ? ಸತ್ಯದಿಂದ ಭಕ್ತಿ ಕುಗ್ಗುವದಿಲ್ಲ. ಕುಗ್ಗುವದು ಭಕ್ತಿಯ ಹೆಸರಿನ ವ್ಯಾಪಾರ ಮಾತ್ರ.

ವಿಜ್ಞಾನದ ಅಭಿಮಾನಿಗಳು ಇಲ್ಲಿಯವರೆಗೆ ತಲೆದೂಗುತ್ತಿರಬಹುದು. ಈಗ ಅವರ ಸರದಿ. ವಿಜ್ಞಾನಿಯು ಹೇಳಿದನೆಂದು ನಂಬುವದಕ್ಕೂ ಸ್ವಾಮಿಯು ಹೇಳಿದನೆಂದು ನಂಬುವದಕ್ಕೂ, ನಂಬುವವನ ಮಟ್ಟಿಗೆ, ಭೇದ ಬಹಳವಿಲ್ಲ. ವಿಜ್ಞಾನದ ಹಿರಿಮೆಯಿರುವದು ವಿಜ್ಞಾನಿಯ ಬಾಯಲ್ಲಲ್ಲ. ಅವನ ಮಾತನ್ನು ಮತ್ತೊಬ್ಬನು ಒರೆಹಚ್ಚಬಹುದೆಂಬಲ್ಲಿ. ಇದಕ್ಕೆ ನಮ್ಮ ಹುಬ್ಬಳ್ಳಿಗೂ ಸಂಬಂಧವುಳ್ಳ ಒಂದು ಹಳೆಯ ಪ್ರಕರಣವನ್ನು ಹೇಳಬೇಕು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತೋರಿತು. ಒಡೆಸ್ಸಾದಲ್ಲಿ ಹುಟ್ಟಿದ ಹಾಫ್‌ಕಿನ್ ಎಂಬ ಶಾಸ್ತ್ರಜ್ಞನು ಮುಂಬಯಿಯಲ್ಲಿಯೇ ಒಂದು ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಆಮೇಲೆ ಭಾಯಖಳೆಯ ಸೆರೆಮನೆಯಲ್ಲಿ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದನು. ಪ್ಲೇಗು ಹುಬ್ಬಳ್ಳಿಗೆ ಬಂದಾಗ, 1898ರಲ್ಲಿ, ಅಲ್ಲಿಯ ಸಾವಿರಾರು ಜನರು ಈ ಲಸಿಕೆ ಹಾಕಿಸಿಕೊಂಡರು. ಅದಕ್ಕೆ ಅಂಜಿದವರೂ ಬಹಳ ಜನರಿದ್ದರು. ಅವರನ್ನು ಮೂಢರೆಂದು ಹಳಿಯುವದು ಅನ್ಯಾಯ. ಪ್ಲೇಗಿನ ನೆವದಿಂದ ಸೋಲ್ಜರರನ್ನು ಪುಣೆಯ ಮನೆಗಳ ಒಳಗೆ ನುಗ್ಗಿಸಿದ ಸರಕಾರವೇ ಸೂಜಿಯನ್ನೂ ಹಿಡಿದು ಬಂದಾಗ ಜನರು ಸಂಶಯಪಟ್ಟರೆ ಸಂಶಯದ ತಪ್ಪೇನು? ದಬ್ಬಾಳಿಕೆಯು ಒಳ್ಳೆಯ ಔಷಧವನ್ನು ಸಹ ವಿಷದಂತೆ ತೋರಿಸುತ್ತದೆ.

ನಾಲ್ಕು ವರುಷಗಳ ಮೇಲೆ, 1902ರ ಅಕ್ಟೋಬರ 30ರಂದು, ಆಗಿನ ಪಂಜಾಬದ, ಈಗ ಪಾಕಿಸ್ತಾನದಲ್ಲಿರುವ, ಮುಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಐದು ಶೀಸೆಗಳಿಂದ ಲಸಿಕೆ ಹಾಕಿದರು. ಅವರಲ್ಲಿ 19 ಜನರು ಧನುರ್ವಾಯುವಿನಿಂದ ಸತ್ತರು. ಹಾಹಾಕಾರವೆದ್ದಿತು. ವಿಚಾರಣೆಗೆ ನೇಮಿಸಿದ ಆಯೋಗಕ್ಕೆ ಮುಂಬಯಿಯ ಶ್ರೇಷ್ಠ ನ್ಯಾಯಾಧೀಶರೇ ಅಧ್ಯಕ್ಷರು. ವಿಷವು ಹಾಫ್‌ಕಿನ್ನನ ಪ್ರಯೋಗಶಾಲೆಯಲ್ಲಿಯೇ ಶೀಸೆಯೊಳಗೆ ಸೇರಿರಬೇಕೆಂದು ಆಯೋಗವು ಅಭಿಪ್ರಾಯಪಟ್ಟಿತು. ಆತನು ಕೆಲಸ ಕಳೆದುಕೊಂಡನು. ಆದರೆ ಸಾಕ್ಷ್ಯವು ಬೇರೊಂದು ಕಥೆಯನ್ನು ಹೇಳುತ್ತಿತ್ತು. ಸತ್ತ ಹತ್ತೊಂಬತ್ತೂ ಜನರಿಗೆ ಲಸಿಕೆ ಹಾಕಿದ್ದು ಐದರಲ್ಲಿ ಒಂದೇ ಶೀಸೆಯಿಂದ. ಆ ಶೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮ್ಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದರು. ಧನುರ್ವಾಯುವಿನ ಕ್ರಿಮಿಗಳು ಮುಚ್ಚಿದ ಶೀಸೆಯಲ್ಲಿ ಬಹುದಿನ ಬೆಳೆದಿದ್ದರೆ ದುರ್ವಾಸನೆ ಬರಬೇಕಿತ್ತು; ತೆರೆದಾಗ ಅದು ಬಂದಿರಲಿಲ್ಲ. ಮಲೇರಿಯಾದ ಶೋಧದಿಂದ ಕೀರ್ತಿ ಪಡೆದ ರೊನಾಲ್ಡ್ ರಾಸ್ ಮೊದಲಾದ ಶಾಸ್ತ್ರಜ್ಞರು 1907ರಲ್ಲಿ ಈ ಸಂಗತಿಗಳನ್ನು ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗವಾಗಿ ಎತ್ತಿ ವಾದಿಸಿದರು. ಆ ವರುಷವೇ ಹಾಫ್‌ಕಿನ್ ದೋಷಮುಕ್ತನಾದನು. 1925ರಲ್ಲಿ ಮುಂಬಯಿಯ ಆ ಸಂಸ್ಥೆಗೆ ಅವನ ಹೆಸರನ್ನೇ ಇಟ್ಟರು.

ಈ ಪ್ರಕರಣವನ್ನು ನಾವು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಇಲ್ಲಿ ತಪ್ಪಿದವನು ಹಳ್ಳಿಯ ಮೂಢನಲ್ಲ. ಹೈಕೋರ್ಟಿನ ಶ್ರೇಷ್ಠ ನ್ಯಾಯಾಧೀಶನು ಅಧ್ಯಕ್ಷನಾಗಿದ್ದ ಆಯೋಗ. ತಪ್ಪನ್ನು ತಿದ್ದಿದ್ದು ಯಾರ ಅಧಿಕಾರವೂ ಅಲ್ಲ. ಒಂದು ಚಿಮ್ಮಟ, ಒಂದು ಶೀಸೆ, ಬಾರದೆ ಇದ್ದ ಒಂದು ವಾಸನೆ. ಐದು ವರುಷಗಳ ಅನ್ಯಾಯದ ಮೇಲೆಯಾದರೂ ಅಪೀಲಿಗೆ ಜಾಗವಿತ್ತು. ವಿಜ್ಞಾನವು ತಪ್ಪುವದೇ ಇಲ್ಲವೆಂಬುದು ಸುಳ್ಳು. ತಪ್ಪಿದ್ದನ್ನು ತಿಳಿಯುವ ದಾರಿಯನ್ನು ಅದು ಮುಚ್ಚುವದಿಲ್ಲವೆಂಬುದೇ ಅದರ ನಿಜವಾದ ಬಲ. ಯಾವ ದಿನ ಆ ದಾರಿಯನ್ನು ಮುಚ್ಚುವದೋ ಆ ದಿನ ವಿಜ್ಞಾನವೂ ಇನ್ನೊಂದು ಮಠವೇ ಆದೀತು.

ವಿಜ್ಞಾನದ ವೇಷಕ್ಕೆ ಮಾರುಹೋಗುವವರೂ ಕಡಿಮೆಯಿಲ್ಲ. 1996ರಲ್ಲಿ ತಮಿಳುನಾಡಿನ ಒಬ್ಬನು ಗಿಡಮೂಲಿಕೆಗಳಿಂದ ಪೆಟ್ರೋಲು ಮಾಡುವೆನೆಂದಾಗ ಕಲಿತವರೇ ಮೊದಲು ಬೆರಗಾದರು. ಪ್ರಯೋಗಗಳಿಗೆ ಒಡ್ಡಿದಾಗ ಆ ಮಾತು ನಿಲ್ಲಲಿಲ್ಲ. ಇಪ್ಪತ್ತು ವರುಷಗಳ ನಂತರ, 2016ರಲ್ಲಿ, ಚೆನ್ನೈಯ ನ್ಯಾಯಾಲಯವು ವಂಚನೆಗಾಗಿ ಅವನಿಗೆ ಶಿಕ್ಷೆ ವಿಧಿಸಿತು. ಮಂತ್ರದ ಬದಲು ಗಾಜಿನ ಪಾತ್ರೆಯನ್ನು ಹಿಡಿದರೆ ಸಾಕು, ನಮ್ಮ ಸುಶಿಕ್ಷಿತರ ಎಚ್ಚರವು ನಿದ್ದೆಹೋಗುತ್ತದೆ.

'ಹಾಗಾದರೆ ಮನುಷ್ಯನ ಪ್ರತಿಯೊಂದು ನಂಬಿಕೆಯನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕೇ?' ಎಂದು ವಾಚಕರು ಕೇಳಬಹುದು. ಖಂಡಿತವಾಗಿಯೂ ಬೇಡ. ದೇವರ ಮುಂದೆ ನಿಂತಾಗ ತಾಯಿಯೊಬ್ಬಳ ಕಣ್ಣಲ್ಲಿ ಬರುವ ನೀರಿಗೆ ಯಾವ ಸಾಕ್ಷಿಯೂ ಬೇಕಿಲ್ಲ. ಅದು ಅವಳದು. ಸಂವಿಧಾನದ 25ನೆಯ ಅನುಚ್ಛೇದವು ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಇವುಗಳಿಗೆ ಒಳಪಡಿಸಿ ಕೊಟ್ಟಿದೆ. ಗೆರೆಯು ಅಲ್ಲಿಯೇ ಇದೆ. ನಂಬಿಕೆಯು ಎದೆಯೊಳಗಿರುವ ತನಕ ಅದಕ್ಕೆ ನಮಸ್ಕಾರ. ಅದು ಹಣ ಕೇಳಲು ಕೈಚಾಚಿದಾಗ, ರೋಗಿಯನ್ನು ವೈದ್ಯನಿಂದ ತಡೆದಾಗ, ನೆರೆಯವನ ಮೇಲೆ ಕಲ್ಲೆತ್ತಿದಾಗ, ಇನ್ನೊಬ್ಬನನ್ನು ಕೀಳೆಂದು ದೂರ ನಿಲ್ಲಿಸಿದಾಗ, ಅದು ಹೊಸ್ತಿಲು ದಾಟಿ ಬೀದಿಗೆ ಬಂದಿತು. ಬೀದಿಗೆ ಬಂದವನು ಬೀದಿಯ ಕಾಯದೆಯನ್ನು ಪಾಲಿಸಬೇಕು. ಪ್ರಶ್ನೆಗೆ ಉತ್ತರ ಕೊಡಬೇಕು.

ಕಾಯದೆಯು ಕೆಲವು ಮಟ್ಟಿಗೆ ಸಹಾಯ ಮಾಡೀತು. ಕರ್ನಾಟಕವು ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಒಂದು ಅಧಿನಿಯಮವನ್ನು ಮಾಡಿತು. 2020ರಲ್ಲಿ ಅದು ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆವದಿಂದ ಹೊಡೆಯುವದು, ಹಾವು-ನಾಯಿ ಕಚ್ಚಿದವನನ್ನು ವೈದ್ಯನ ಬಳಿಗೆ ಹೋಗಗೊಡದೆ ಮಂತ್ರಕ್ಕೆ ಕೂಡಿಸುವದು ಮುಂತಾದವು ಈಗ ಅಪರಾಧಗಳು. ಪ್ರದಕ್ಷಿಣೆ, ಯಾತ್ರೆ, ಹರಿಕಥೆಗಳನ್ನು ಅದು ಮುಟ್ಟಿಲ್ಲ. ಒಳ್ಳೆಯದೇ ಆಯಿತು. ಆದರೆ ವಕೀಲನಾಗಿಯೇ ಹೇಳಬೇಕಾದ ಮಾತಿದು: ಕಾಯದೆಯು ಕೈ ಸುಟ್ಟ ಮೇಲೆ ಬರುತ್ತದೆ; ಪ್ರಶ್ನೆಯು ಕೈ ಸುಡುವ ಮುಂಚೆ ಬರಬಲ್ಲದು.

ಪ್ರಶ್ನೆ ಕೇಳುವವರಿಗೆ ಅಪಾಯವಿಲ್ಲವೆಂದು ನಾವು ಹೇಳಲಾರೆವು. ಶಾಸನಗಳನ್ನೂ ವಚನಗಳನ್ನೂ ಜೀವಮಾನವಿಡೀ ಶೋಧಿಸಿ, ಒಪ್ಪಿತವಾದ ಮಾತುಗಳಿಗೆ ಆಧಾರ ಕೇಳುತ್ತಿದ್ದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ 30ರಂದು ಇದೇ ಧಾರವಾಡದ ಅವರ ಮನೆಯಲ್ಲಿ ಗುಂಡಿಟ್ಟು ಕೊಂದರು. ಕೊಂದವರಾರು, ಕೊಲ್ಲಿಸಿದವರಾರು ಎಂಬುದನ್ನು ನ್ಯಾಯಾಲಯವು ಸಾಕ್ಷ್ಯವನ್ನು ತೂಗಿಯೇ ಹೇಳಬೇಕು. ಈ ಲೇಖನವನ್ನು ಬರೆದ ಮೇಲೆ ನಾವು ಬೇರೆ ರೀತಿ ನುಡಿಯಲಾರೆವು. ಆದರೆ ಅವರ ಸಿದ್ಧಾಂತಗಳಲ್ಲಿ ಯಾವುದು ತಪ್ಪು, ಯಾವುದು ಸರಿ ಎಂಬುದನ್ನು ಶಾಸನವನ್ನು ಎದುರಿಗಿಟ್ಟುಕೊಂಡೇ ತೀರ್ಮಾನಿಸಬೇಕು, ಗುಂಡು ಪಾಟೀಸವಾಲಲ್ಲ. ನಮ್ಮ ನಾಡಿನ ಪ್ರಾಚೀನತೆಯ ಅಭಿಮಾನವುಳ್ಳವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಹಲ್ಮಿಡಿಯ ಶಾಸನವು ಕಲ್ಲಿನ ಮೇಲಿರುವದರಿಂದಲೇ ನಮ್ಮ ಮಾತಿಗೆ ಬೆಲೆ ಬಂದಿತು, ಗಂಟಲಿನ ಗಟ್ಟಿಯಿಂದಲ್ಲ. ಸ್ವಪಕ್ಷದ ಮಾತಿಗೂ ಸಾಕ್ಷಿ ಕೇಳುವವನೇ ನಾಡಿನ ನಿಜವಾದ ಬಂಧು.

ಮತ್ತೆ ನಮ್ಮ ಪಕ್ಷಗಾರರ ಕಡೆಗೆ ಬರೋಣ. ಮೊದಲೇ ಆಸ್ಪತ್ರೆಗೆ ಏಕೆ ಹೋಗಲಿಲ್ಲವೆಂದು ಕೇಳಿದಾಗ ಅವರು ಹೇಳಿದ ಉತ್ತರವು ನಮ್ಮನ್ನು ಇಂದಿಗೂ ಚುಚ್ಚುತ್ತಿದೆ. ಅವರು ಮೊದಲೇ ಒಮ್ಮೆ ಹೋಗಿದ್ದರು! ಅಲ್ಲಿ ಎರಡು ನಿಮಿಷದಲ್ಲಿ ಇಂಗ್ಲಿಷಿನ ಒಂದು ಚೀಟಿ ಬರೆದುಕೊಟ್ಟರು. ಗುಳಿಗೆಯನ್ನು ವರುಷಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕೆಂದು ಅವರಿಗೆ ತಿಳಿಯುವಂತೆ ಯಾರೂ ಹೇಳಲಿಲ್ಲ. ಹದಿನೈದು ದಿನಗಳ ಗುಳಿಗೆ ತೀರಿತು, ಮೂರ್ಛೆ ತಿರುಗಿ ಬಂದಿತು, ಔಷಧ ಸುಳ್ಳೆಂದು ಅವರು ತಿಳಿದರು. ಆ ಇನ್ನೊಬ್ಬನಾದರೋ ಕಟ್ಟೆಯ ಮೇಲೆ ಅರ್ಧ ದಿನ ಕುಳಿತು, ಮನೆಯವರೆಲ್ಲರ ಹೆಸರು ಹಿಡಿದು ಮಾತನಾಡಿಸಿದನು. ಮೋಸವು ಅವರ ಭಾಷೆಯಲ್ಲಿ ಮಾತನಾಡಿತು, ವಿಜ್ಞಾನವು ಮಾತನಾಡಲಿಲ್ಲ. ಕನ್ನಡ ನಾಡು 1956ರ ನವೆಂಬರ 1ರಂದು ಒಂದಾಯಿತು. ಆದರೆ ಔಷಧದ ಚೀಟಿಯೂ, ರೋಗಿಗೆ ಹೇಳಬೇಕಾದ ಎಚ್ಚರಿಕೆಯೂ ಕನ್ನಡವಾಗುವ ತನಕ ಆ ಏಕೀಕರಣವು ಪೂರ್ಣವಾಗಲಿಲ್ಲವೆಂದೇ ನಾವು ಭಾವಿಸುತ್ತೇವೆ. ತಿಳಿಯದ ಭಾಷೆಯ ಸಾಕ್ಷಿಯನ್ನು ಯಾವ ನ್ಯಾಯಾಧೀಶನು ತೂಗಬಲ್ಲನು?

ಆದುದರಿಂದ ನಮ್ಮ ಶಿಕ್ಷಕರಲ್ಲಿ, ವೈದ್ಯರಲ್ಲಿ, ಗ್ರಾಮ ಪಂಚಾಯತಿಯ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ದೊಡ್ಡ ಶಾಸ್ತ್ರಗಳನ್ನು ಬೋಧಿಸುವ ಮೊದಲು ನಾಲ್ಕು ಸಣ್ಣ ಪ್ರಶ್ನೆಗಳನ್ನು ಮಕ್ಕಳ ಬಾಯಿಗೆ ರೂಢಿ ಮಾಡಿಸಿರಿ. ಇದನ್ನು ಕಂಡವರು ಯಾರು? ಇದರಿಂದ ಹೇಳುವವನಿಗೆ ಲಾಭವೇನು? ಇದನ್ನು ಒಪ್ಪದವನೊಬ್ಬನು ಪರೀಕ್ಷಿಸಿ ನೋಡಿದ್ದಾನೆಯೇ? ಇದು ತಪ್ಪಾಗಿದ್ದರೆ ಹಾನಿಯನ್ನು ಹೊರುವವರು ಯಾರು? ಇವನ್ನು ಕೇಳಲು ಪದವಿ ಬೇಕಿಲ್ಲ. ಸ್ವಾಮಿಗೂ ಕೇಳಬಹುದು, ಶಾಸ್ತ್ರಜ್ಞನಿಗೂ ಕೇಳಬಹುದು, ಮಂತ್ರಿಗೂ, ವಕೀಲನಿಗೂ, ಪತ್ರಿಕೆಯಲ್ಲಿ ಲೇಖನ ಬರೆಯುವವನಿಗೂ ಕೇಳಬಹುದು.

ಕಳೆದ ವರುಷ ಆ ವೃದ್ಧರ ದಾವೆಯ ತೀರ್ಪು ಅವರಂತೆ ಆಯಿತು. ಎರಡು ಗುಂಟೆ ನೆಲ ತಿರುಗಿ ಬಂದಿತು. ತೀರ್ಪಿನ ನಕಲು ಒಯ್ಯಲು ಮಗನೂ ಜೊತೆಗೆ ಬಂದಿದ್ದನು. ತಂದೆಯ ಬದಲು ಸಹಿ ಮಾಡಲು ಅವನು ಬಲಗೈಯಲ್ಲಿ ಲೇಖನಿ ಹಿಡಿದು, ಕಾಗದ ಸರಿಯದಂತೆ ಮಡಚಿದ ಎಡಗೈಯನ್ನು ಅದರ ಮೇಲೆ ಊರಿದನು. ಸಹಿಯ ಮುನ್ನ ತಲೆಯೆತ್ತಿ, 'ಇದರಾಗ ಏನು ಬರದೈತಿ, ಪೂರಾ ಓದಿ ಹೇಳ್ರಿ, ಸಾಹೇಬ್ರ' ಎಂದನು. ನಾವು ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆವು.